ಚೈನಿನ ಡಬ್ಬಿ ಒಡೆದ್ರಾ?

ಡಿಸೆಂಬರ್ ಬಂತು. ಬೇ ಏರಿಯಾದ ನಿಮ್ಮ ಮನೆಗೆ ಊರಿಂದ ಅಪ್ಪ-ಅಮ್ಮ ಬಂದಿದಾರೆ (ಇಲ್ಲಾಂದ್ರೆ ಅತ್ತೆ-ಮಾವ). ಗೋಲ್ಡನ್ ಗೇಟ್ ಆಯ್ತು, ಲಿವರ್‌ಮೋರ್ ದೇವಸ್ಥಾನ ಆಯ್ತು, ಕಾಸ್ಟ್‌ಕೋ ಅಂತೂ ದಿನಾ ಆಗ್ತಿದೆ. ಇನ್ನು ಉಳಿದಿರೋದು ಸ್ನೋ ತೋರಿಸೋದು. ಲೇಕ್ ಟಾಹೋ ಏನ್ಮಹಾ ದೂರ, 200 ಮೈಲಿ ಚಿಲ್ಲರೆ. ಬೆಳಿಗ್ಗೆ ಹೊರಟ್ರೆ ಊಟದ ಹೊತ್ತಿಗೆ ಅಲ್ಲಿ. ಹೌದು ತಾನೆ?

ತಯಾರಿ ಜೋರಾಗೇ ನಡೆದಿದೆ, ಗೊತ್ತು. ಪುಳಿಯೋಗರೆ ಗೊಜ್ಜು ರೆಡಿ, ಚಪಾತಿ ಫಾಯಿಲ್ ಒಳಗೆ, ಕೋಡುಬಳೆ ಜಿಪ್‌ಲಾಕ್ ಒಳಗೆ, ಹೋದ ಕಡೆ ಅನ್ನ ಮಾಡೋಕೆ ಕುಕ್ಕರ್ ಸಮೇತ. ಅಮ್ಮನಿಗೆ ಸೀರೆ ಮೇಲೆ ಹಾಕೋ ಜಾಕೆಟ್ಟು, ಅಪ್ಪನಿಗೆ ಮಂಕಿ ಟೋಪಿ. ಸರಿ, ಕಾರಿಗೇನು ಮಾಡಿದ್ರಿ? "ಕಾರಿಗೇನ್ರೀ? ತೊಳೆಸಿದೀನಲ್ಲ!"

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಕೊನೇ ಸಲ ಬಗ್ಗಿ ಗಾಲಿ ನೋಡಿದ್ದು ಯಾವಾಗ? ಆಯುಧಪೂಜೆ ದಿನ, ನಿಂಬೆಹಣ್ಣು ಇಡೋವಾಗ, ಅಲ್ವಾ? (ಆವಾಗಲೂ ನೋಡಿದ್ದು ನಿಂಬೆಹಣ್ಣನ್ನ, ಗಾಲೀನಲ್ಲ.) ಈಗ ಒಂದು ಪೆನ್ನಿ ನಾಣ್ಯ ತಗೊಂಡು ಟೈರಿನ ಸಂದಿಗೆ ತಲೆಕೆಳಗಾಗಿ ತುರುಕಿ. ಲಿಂಕನ್ ಸಾಹೇಬರ ತಲೆ ಪೂರ್ತಿ ಕಂಡ್ರೆ ಆ ಟೈರು ಒಣ ರಸ್ತೆಗೂ ನಾಲಾಯಕ್ಕು. ಸ್ನೋಗೆ ಅದರ ಮೂರರಷ್ಟು ಆಳ ಬೇಕು, ಅಂದ್ರೆ ಒಂದಿಂಚಿನ 32ರಲ್ಲಿ 6 ಭಾಗ.

ಚಳಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳೀತೋ, ಬೇಸಿಗೆ ಟೈರಿನ ರಬ್ಬರು ಸಂಜೆ ಹೊತ್ತಿನ ಅಕ್ಕಿರೊಟ್ಟಿ ಹಾಗೆ ಸೆಟೆದುಕೊಳ್ಳುತ್ತೆ. ಗಾಳಿಯೂ ಇಳಿಯುತ್ತೆ, 10 ಡಿಗ್ರಿ ಫ್ಯಾರನ್‌ಹೀಟಿಗೆ ಹತ್ತಿರಹತ್ತಿರ 1 ಪಿಎಸ್‌ಐ. ಸ್ಯಾನ್ ಹೋಸೆಯ 60 ಡಿಗ್ರೀಲಿ ತುಂಬಿಸಿದ್ದು ಬೆಟ್ಟದ ಮೇಲಿನ 20 ಡಿಗ್ರಿಗೆ ಹೋಗೋಷ್ಟರಲ್ಲಿ 4 ಕಡಿಮೆ. ಡ್ಯಾಶ್‌ಬೋರ್ಡಲ್ಲಿ ಹಳದಿ ದೀಪ ಹತ್ತುತ್ತೆ. ನೀವೇನಂತೀರಿ? "ಸೆನ್ಸರ್ ಕೆಟ್ಟಿರಬೇಕು."

"ಆಗುಂಬೆ ಘಾಟೀಲಿ ರಾತ್ರಿ ಮಳೇಲಿ ಓಡಿಸಿದೋನು ನಾನು" ಅಂತ ಶುರು ಮಾಡ್ತೀರಲ್ಲ, ಅದನ್ನೂ ಬಲ್ಲೆ. ಹದಿನಾಲ್ಕು ಹೇರ್‌ಪಿನ್ ತಿರುವು, ಎದುರಿಗೆ ಬಸ್ಸು, ಸಣ್ಣ ಮಾತಲ್ಲ ಬಿಡಿ. ಆದ್ರೆ ಅಲ್ಲಿ ನೀರಿನ ಕೆಳಗೆ ಟಾರು ಸಿಗುತ್ತೆ. ಟಾಹೋ ಕಡೆ ಹೋಗೋ ಐ-80 ರಸ್ತೆ ಡಾನರ್ ಸಮ್ಮಿಟ್ ಹತ್ತಿರ ಏಳು ಸಾವಿರ ಅಡಿ ದಾಟುತ್ತೆ. ಅಲ್ಲಿ ಸಾವಿರಾರು ಗಾಲಿ ತುಳಿದು ಸ್ನೋ ಐಸ್ ಆಗಿರುತ್ತೆ, ಟೈರಿಗೆ ಹಿಡಿಯೋಕೇ ಏನೂ ಸಿಗಲ್ಲ. (ಪಕ್ಕದ ಸೋಡಾ ಸ್ಪ್ರಿಂಗ್ಸ್‌ನ ಸ್ನೋ ಲ್ಯಾಬ್‌ನವರು 2022-23ರ ಚಳಿಗಾಲದಲ್ಲಿ ಒಟ್ಟು ಅಳೆದದ್ದು 754 ಇಂಚು. ಮನೆಗೆ ಹೋಗಿ ಅಡಿ ಲೆಕ್ಕ ಹಾಕ್ಕೊಳಿ.)

"ನಂದು ಆಲ್ ವೀಲ್ ಡ್ರೈವ್ ಕಣ್ರೀ!" ಬಂತು ನೋಡಿ ಬ್ರಹ್ಮಾಸ್ತ್ರ. ಸ್ವಾಮೀ, ಅದು ಹೊರಡೋಕೆ ಸಹಾಯ ಮಾಡುತ್ತೆ, ಹತ್ತೋಕೆ ಸಹಾಯ ಮಾಡುತ್ತೆ. ನಿಲ್ಲೋಕೆ? ಬ್ರೇಕು ಎಲ್ಲಾ ಕಾರಿಗೂ ನಾಲ್ಕು ಗಾಲಿಗೇ ಇರೋದು. ನಿಲ್ಲಿಸೋದು ಟೈರು, ಹಿಂದಿರೋ ಬ್ಯಾಡ್ಜಲ್ಲ.

ಇನ್ನು ದಾರೀಲಿ ಬೋರ್ಡು ಬರುತ್ತೆ, ಚೈನ್ ಕಂಟ್ರೋಲ್ ಅಂತ (ಚೈನ್ ಅಂದ್ರೆ ಸ್ನೋಲಿ ಹಿಡಿತ ಸಿಗೋಕೆ ಗಾಲಿಗೆ ಸುತ್ತೋದು). ಆರ್-1 ಇದ್ರೆ ಸ್ನೋ ಟೈರಿರೋ ಸಣ್ಣ ಗಾಡಿಗಳು ಚೈನ್ ಹಾಕದೇ ಹೋಗಬಹುದು. ಆರ್-2 ಇದ್ರೆ ನಾಲ್ಕೂ ಗಾಲಿಗೆ ಸ್ನೋ ಟೈರಿರೋ ಫೋರ್ ವೀಲ್, ಆಲ್ ವೀಲ್ ಡ್ರೈವ್‌ಗಳಿಗೆ ಮಾತ್ರ ವಿನಾಯಿತಿ. ಆರ್-3 ಅಂದ್ರೆ ಎಲ್ರಿಗೂ ಚೈನು, ಯಾರ ಶಿಫಾರಸ್ಸೂ ನಡೆಯಲ್ಲ (ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ರಸ್ತೇನೇ ಮುಚ್ಚಿರ್ತಾರೆ). ವಿನಾಯಿತಿ ಇದ್ದೋರ ಡಿಕ್ಕೀಲೂ ಚೈನ್ ಇರಲೇಬೇಕು.

"ಚೈನ್ ಇದೆಯಲ್ಲ!" ಅಂತೀರಿ. ಇದೆ, ಡಬ್ಬೀಲಿದೆ. ಡಬ್ಬಿಗೆ ಹಾಕಿದ ಸೀಲ್ ಹಾಗೇ ಇದೆ. ಯಾಕೆ ಅಂತ ನಾನು ಹೇಳ್ಲಾ? ಬಳಸದ ಚೈನನ್ನ ಸೀಸನ್ ಮುಗಿದ ಮೇಲೆ ವಾಪಸ್ ತಗೊಳ್ಳೋ ಅಂಗಡಿಗಳಿವೆ. ಬಿಲ್ಲನ್ನ ಗ್ಲೌ ಬಾಕ್ಸಲ್ಲಿ ಪಾಸ್‌ಪೋರ್ಟಿಗಿಂತ ಜೋಪಾನವಾಗಿ ಇಟ್ಟಿದೀರಿ. ಅಂದ್ಮೇಲೆ ಆ ಡಬ್ಬಿ ಮೊದಲ ಸಲ ಒಡೆಯೋದು ಎಲ್ಲಿ? ಹೈವೇ ಪಕ್ಕ, ಕತ್ತಲಲ್ಲಿ, ಗಾಳಿಗೆ ಸ್ನೋ ಮುಖಕ್ಕೆ ಹೊಡೀತಿರೋವಾಗ, ಒಂದು ಕೈಯಲ್ಲಿ ಯೂಟ್ಯೂಬ್ ಹಿಡ್ಕೊಂಡು. ಅಷ್ಟು ಹೊತ್ತಿಗೆ ಸಿಗ್ನಲ್ಲೂ ಹೋಗಿರುತ್ತೆ.

ಡಬ್ಬಿ ಒಡೆದ್ರೆ ತಾನೆ ಸೈಜು ತಪ್ಪಿದೆ ಅಂತ ಗೊತ್ತಾಗೋದು! ಟೈರಿನ ಪಕ್ಕದಲ್ಲಿ ಬರೆದಿರೋ ನಂಬರು, ಡಬ್ಬಿ ಮೇಲಿನ ನಂಬರು ಎರಡೂ ತಾಳೆ ಆಗ್ಬೇಕು. ಕೆಲವು ಕಾರುಗಳಲ್ಲಿ ಗಾಲಿಗೂ ಬಾಡಿಗೂ ನಡುವೆ ಜಾಗ ಕಡಿಮೆ, ದಪ್ಪ ಚೈನ್ ಹಿಡಿಸಲ್ಲ, ಸಣ್ಣ ಕೇಬಲ್ಲೇ ಬೇಕು. ಮ್ಯಾನ್ಯುಯಲ್‌ನಲ್ಲಿ ಬರೆದಿದೆ. (ಮ್ಯಾನ್ಯುಯಲ್ ಎಲ್ಲಿದೆ? ಆ ಬಿಲ್ಲಿನ ಕೆಳಗೇ ಇದೆ ನೋಡಿ.)

ಹಾಕೋದು ದೊಡ್ಡ ವಿದ್ಯೆ ಏನಲ್ಲ. ಎಂಜಿನ್ ತಿರುಗಿಸೋ ಗಾಲಿಗೆ ಹಾಕಬೇಕು. ಅಕಾರ್ಡ್ ಥರದ ಗಾಡಿಗೆ ಮುಂದಿನ ಜೋಡಿ. ಸಿಕ್ಕು ಬಿಡಿಸಿ ನೆಲದ ಮೇಲೆ ಹರವಿ, ಆಮೇಲೆ ಟೈರಿನ ಮೇಲೆ ಹೊದಿಸಿ. ಕೈ ಒಳಗೆ ತೂರಿಸಿ ಮೊದಲು ಹಿಂಬದಿಯ ಕೊಕ್ಕೆ, ಆಮೇಲೆ ಮುಂದಿನದು, ಕೊನೆಗೆ ರಬ್ಬರಿನ ಬಿಗಿಪಟ್ಟಿ. ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಮಂಡಿ ಊರೋಕೆ ಹಳೇ ಯೋಗ ಮ್ಯಾಟು, ಕೈಗೆ ಪಾತ್ರೆ ತೊಳೆಯೋ ರಬ್ಬರ್ ಗ್ಲೌಸು. (ಉಣ್ಣೆ ಗ್ಲೌಸ್ ಹಾಕ್ಕೊಂಡು ಹೋಗಿ ಒದ್ದೆ ಮಾಡ್ಕೊಂಡೋರ ಕಥೆ ಕೇಳೋದೇ ಬೇಡ.)

ಬಗ್ಗೋಕಾಗಲ್ವಾ? ರಸ್ತೆ ಪಕ್ಕ ಚೈನ್ ಹಾಕಿಕೊಡೋರು ನಂಬರ್ ಇರೋ ಬ್ಯಾಡ್ಜ್ ಹಾಕ್ಕೊಂಡು ನಿಂತಿರ್ತಾರೆ, ದುಡ್ಡು ಕೊಟ್ರೆ ಹಾಕಿಕೊಡ್ತಾರೆ. ಆದ್ರೆ ಅವರು ಚೈನ್ ಮಾರೋ ಹಾಗಿಲ್ಲ, ಬಾಡಿಗೆಗೆ ಕೊಡೋ ಹಾಗೂ ಇಲ್ಲ. "ಅಲ್ಲೇ ತಗೊಂಡ್ರಾಯ್ತು" ಅನ್ನೋ ನಿಮ್ಮ ಪ್ಲಾನ್ ಅಲ್ಲಿಗೆ ಖತಂ.

ಸಣ್ಣಪುಟ್ಟದ್ದು ಬೇಗ ಹೇಳಿಬಿಡ್ತೀನಿ. ವೈಪರಿನ ಡಬ್ಬಕ್ಕೆ ನಲ್ಲಿ ನೀರು ಹಾಕೋ ಉಳಿತಾಯಬುದ್ಧಿ ಬಿಡಿ, ಮೇಲೆ ಹೆಪ್ಪುಗಟ್ಟುತ್ತೆ. ಚಳಿಗಾಲದ ವಾಷರ್ ಫ್ಲೂಯಿಡ್ ಹಾಕಿ. ಕೂಲಂಟು, ಬ್ಯಾಟರಿ ಎರಡನ್ನೂ ಚೆಕ್ ಮಾಡಿಸಿ. ಊರಲ್ಲೇ ಕುಂಯ್‌ಗುಟ್ಟಿ ಸ್ಟಾರ್ಟ್ ಆಗೋ ಬ್ಯಾಟರಿ ಚಳಿಗೆ ಕೈ ಎತ್ತಿಬಿಡುತ್ತೆ. ಬೆಳಿಗ್ಗೆ ಗ್ಲಾಸಿನ ಮೇಲಿನ ಐಸಿಗೆ ಕಾಫಿಗೆ ಕಾಸಿದ ಬಿಸಿನೀರು ಸುರೀಬೇಡಿ, ಗ್ಲಾಸು ಸೀಳುತ್ತೆ. ಟೆಸ್ಲಾದೋರೇ, ನೀವು ನಗಬೇಡಿ: ಚಳಿ, ಹೀಟರು, ಏರು ಮೂರೂ ಸೇರಿದ್ರೆ ಪರದೆ ಮೇಲಿನ ಮೈಲಿ ಲೆಕ್ಕ ಸುಳ್ಳಾಗುತ್ತೆ.

ಸಿಕ್ಕಿಹಾಕೊಂಡ್ರೆ? ಹೌದು, ಸಿಕ್ಕಿಹಾಕೊಳ್ತಾರೆ. 1952ರ ಜನವರಿಯಲ್ಲಿ ಇದೇ ಬೆಟ್ಟದಲ್ಲಿ ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೋ ರೈಲೇ ಹಿಮದಲ್ಲಿ ಹೂತು, 226 ಜನ ಮೂರು ದಿನ ಒಳಗೇ ಇದ್ರು. ಟ್ಯಾಂಕು ಅರ್ಧಕ್ಕಿಂತ ಕೆಳಗೆ ಹೋಗೋಕೆ ಬಿಡಬೇಡಿ. ಕಂಬಳಿ, ಟಾರ್ಚು, ಸಲಿಕೆ, ನೀರು ಇರಲಿ. ನಿಂತ ಕಾರಲ್ಲಿ ಹೀಟರ್ ಹಾಕೋ ಮುಂಚೆ ಇಳಿದು ಸೈಲೆನ್ಸರ್ ಪೈಪಿನ ಬಾಯಿ ಬಿಡಿಸಿ. ಅದು ಸ್ನೋಲಿ ಮುಚ್ಚಿದ್ರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತೆ, ವಾಸನೇನೂ ಇರಲ್ಲ. ಇದೊಂದು ಮಾತ್ರ ತಮಾಷೆ ಅಲ್ಲ.

ಹೈವೇ ಮುಚ್ಚಿದಾಗ ನಿಮ್ಮ ಫೋನು ಮೆತ್ತಗೆ ಹೇಳುತ್ತೆ: ಇಲ್ಲೊಂದು ಒಳದಾರಿ ಇದೆ, 40 ನಿಮಿಷ ಉಳಿತಾಯ. ನಿಮಗೋ ಒಳದಾರಿ ಅಂದ್ರೆ ಪ್ರಾಣ! 1846ರಲ್ಲಿ ಎತ್ತಿನ ಗಾಡಿ ಕಟ್ಕೊಂಡು ಹೊರಟ ಡಾನರ್ ತಂಡವೂ ಒಳದಾರಿ ನಂಬಿಯೇ ತಡವಾಗಿ, ಇಲ್ಲಿ ಹಿಮದಲ್ಲಿ ಸಿಕ್ಕಿಬಿದ್ದಿದ್ದು. ಹತ್ತಿರಹತ್ತಿರ ಅರ್ಧ ಜನ ಬದುಕಿ ಬರಲಿಲ್ಲ. ಆ ಸಣ್ಣ ರಸ್ತೆಗಳಲ್ಲಿ ಸ್ನೋ ಬಳಿಯೋ ಗಾಡಿ ಬಂದಿರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಹೈವೇ ನೋಡ್ಕೊಳ್ಳೋ ಕ್ಯಾಲ್‌ಟ್ರಾನ್ಸ್‌ನವರ ಕ್ವಿಕ್‌ಮ್ಯಾಪ್ ನೋಡಿ. ಮುಚ್ಚಿದೆ ಅಂದ್ರೆ ಕಾಯಿರಿ, ಕೋಡುಬಳೆ ತಿನ್ನಿ.

ಈಗ ಎದ್ದೇಳಿ. ಇದೇ ಶನಿವಾರ, ಬಿಸಿಲಿರೋವಾಗ, ಡ್ರೈವ್‌ವೇಲಿ ಸೀಲ್ ಒಡೀರಿ. ಒಂದ್ಸಲ ಹಾಕಿ, ಒಂದ್ಸಲ ತೆಗೀರಿ. ವಾಪಸ್ ಬರ್ತಿದ್ದ ದುಡ್ಡು ಹೋಯ್ತಲ್ಲಾ ಅಂತ ಹೊಟ್ಟೆ ಉರಿದ್ರೆ ಉರೀಲಿ ಬಿಡಿ, ಟೋ ಮಾಡೋನ ಬಿಲ್ಲಿಗಿಂತ ಅಗ್ಗ. ಹಾಂ, ಚೈನ್ ಹಾಕಿದ ಮೇಲೆ ಅಲ್ಲಿನ ಮಿತಿ ಗಂಟೆಗೆ 25 ಇಲ್ಲಾ 30 ಮೈಲಿ. ಹಿಂದಿನವನು ಹಾರ್ನ್ ಹೊಡೆದ್ರೂ ಅಷ್ಟೇ!