ಹಿಮಚಕ್ರಮೀಮಾಂಸೆ: ಒಂಟಾರಿಯೋ ಕನ್ನಡಿಗರ ಜಾರುಪ್ರಜ್ಞೆಯ ಬಹುಶಿಸ್ತೀಯ ಅಧ್ಯಯನ

ಪ್ರಸ್ತುತ ಸಂಪ್ರಬಂಧವು ಹಿಮಾಚ್ಛಾದಿತ ಪಥದಲ್ಲಿ ರಬ್ಬರೀಯ ಚಕ್ರಗಳ ಗತಿಶೀಲತೆಯನ್ನು ಅನಿವಾಸಿ ಕನ್ನಡಿಗರ ಅಸ್ಮಿತೆಯ ಪರಿಪ್ರೇಕ್ಷ್ಯದಲ್ಲಿ ನೆಲೆಗೊಳಿಸಿ ನೋಡುವ ಒಂದು ವಿನಮ್ರ ಪ್ರಯತ್ನವಾಗಿರುತ್ತದೆ. ಈ ಕುರಿತು ಇದುವರೆಗೆ ಯಾವುದೇ ವ್ಯವಸ್ಥಿತ ಅಧ್ಯಯನ ನಡೆಯದಿರುವುದು ವಿಷಾದದ ಸಂಗತಿ. (ಈ ವಾಕ್ಯ ಬರೆಯದವರಿಗೆ ಕನ್ನಡದಲ್ಲಿ ಡಾಕ್ಟರೇಟ್ ಬರುವುದಿಲ್ಲ.) ಅಧ್ಯಯನದ ವ್ಯಾಪ್ತಿ: ಟೊರೊಂಟೊ, ಮಿಸಿಸಾಗ, ಬ್ರಾಂಪ್ಟನ್, 400ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ, ಜಾರ್ಜಿಯನ್ ಕೊಲ್ಲಿಯ ನೀರೆಲ್ಲ ಹಿಮವಾಗಿ ಬಂದು ಸುರಿಯುವ ಬ್ಯಾರಿಯವರೆಗೆ. ಅಧ್ಯಯನದ ಮಿತಿ: ಲೇಖಕನ ತಾಳ್ಮೆ. ಆಕರ: ಮೌಖಿಕ ಪರಂಪರೆ, ಅಂದರೆ ರಾಜ್ಯೋತ್ಸವದ ಊಟದ ಸಾಲು.

ಆಕರದ ಬಗ್ಗೆ ಎರಡು ಮಾತು ಅಗತ್ಯ. ಕರ್ನಾಟಕದಲ್ಲಿ ನವೆಂಬರ್ ಬಂದರೆ ನವೆಂಬರ್ ಕನ್ನಡಿಗರು ಹುಟ್ಟುವಂತೆ ಒಂಟಾರಿಯೋದಲ್ಲಿ ನವೆಂಬರ್ ಟೈರುಪಂಡಿತರು ಹುಟ್ಟುತ್ತಾರೆ. ಬಾಡಿಗೆ ಸಭಾಂಗಣದಲ್ಲಿ ನಾಡಗೀತೆ ಮುಗಿದು, ಸನ್ಮಾನ ಮುಗಿದು, ಬಿಸಿಬೇಳೆಬಾತಿನ ತಟ್ಟೆ ಕೈಗೆ ಬಂದ ಕೂಡಲೇ ವಿಚಾರಗೋಷ್ಠಿ ಶುರು. ಗೋಷ್ಠಿಗೆ ಅಧ್ಯಕ್ಷರಿಲ್ಲ, ಏಕೆಂದರೆ ಎಲ್ಲರೂ ಅಧ್ಯಕ್ಷರೇ.

ಅಧ್ಯಾಯ 1: ಐತಿಹಾಸಿಕ ಹಿನ್ನೆಲೆ

ಋಗ್ವೇದದಲ್ಲಿ ರಥವೂ ಇದೆ, ಹಿಮವಂತ ಪರ್ವತಗಳೂ ಇವೆ. ಆದ್ದರಿಂದ ಚಳಿಗಾಲದ ಟೈರು ನಮ್ಮಲ್ಲಿ ಮೊದಲೇ ಇತ್ತೆಂಬ ಹಿರಿಯರ ವಾದವನ್ನು ಇಲ್ಲಿ ಗೌರವದಿಂದ ದಾಖಲಿಸಿ ಮುಂದೆ ಹೋಗಲಾಗಿದೆ. ಸಿಕ್ಕ ಪುರಾವೆಯ ಪ್ರಕಾರ, ಇಂದು ನೋಕಿಯಾನ್ ಎನ್ನಿಸಿಕೊಳ್ಳುವ ಫಿನ್ಲೆಂಡಿನ ಕಾರ್ಖಾನೆ 1934ರಲ್ಲಿ ಲಾರಿಗಳಿಗೂ 1936ರಲ್ಲಿ ಕಾರುಗಳಿಗೂ ಹಿಮದ ಟೈರು ಮಾಡಿತು. ಫಿನ್ನರು ಇದರ ಬಗ್ಗೆ ಊಟದ ಸಾಲಿನಲ್ಲಿ ಭಾಷಣ ಮಾಡುತ್ತಾರೆಂಬುದಕ್ಕೆ ಆಧಾರವಿಲ್ಲ.

ಅಧ್ಯಾಯ 4: ದಾರ್ಶನಿಕ ಪ್ರಸ್ಥಾನಗಳು
(2 ಮತ್ತು 3ನೇ ಅಧ್ಯಾಯಗಳು ಮಾರ್ಗದರ್ಶಕರ ಮೇಜಿನ ಮೇಲಿವೆ.)

ಅದ್ವೈತಿಗಳ ಪ್ರಕಾರ ಟೈರು ಒಂದೇ. ಬೇಸಿಗೆ, ಚಳಿಗಾಲ ಎಂಬ ಭೇದವೆಲ್ಲ ಮಾಯೆ. ಇವರು ಆಲ್ ಸೀಸನ್ ಮತಸ್ಥರು. ಟೈರಿನ ಪಕ್ಕೆಯಲ್ಲಿರುವ 'ಎಂ ಪ್ಲಸ್ ಎಸ್' ಎಂಬ ಅಚ್ಚೇ ಇವರ ಮಹಾವಾಕ್ಯ. ಕೆಸರು ಮತ್ತು ಹಿಮಕ್ಕೆಂದು ಹೇಳುವ ಈ ಗುರುತು ಟೈರಿನ ತೋಡುಗಳ ವಿನ್ಯಾಸ ನೋಡಿ ಹಾಕಿದ್ದು, ಹಿಮದ ಮೇಲೆ ಓಡಿಸಿ ನೋಡಿ ಹಾಕಿದ್ದಲ್ಲ. ಹೊರಗಿನ ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದಂತೆ ಈ ರಬ್ಬರು ಮಾಗಿಯ ಬೆಳಗಿನ ಕೊಬ್ಬರಿ ಎಣ್ಣೆಯ ಹಾಗೆ ಬಿಗಿಯತೊಡಗುತ್ತದೆ. ಬಿಗಿದ ರಬ್ಬರು ರಸ್ತೆಯನ್ನು ಹಿಡಿಯುವುದಿಲ್ಲ. ಆ ಹೊತ್ತಿನಲ್ಲಿ ಬ್ರೇಕೂ ಮಾಯೆಯೇ.

ದ್ವೈತಿಗಳು ಎರಡು ಸೆಟ್ ಇಟ್ಟುಕೊಂಡವರು. ಬೇಸಿಗೆಯ ಟೈರು ಬೇರೆ, ಚಳಿಗಾಲದ ಟೈರು ಬೇರೆ, ರಿಮ್ಮೂ ಬೇರೆ, ಭೇದ ನಿತ್ಯವಾದದ್ದು. ನವೆಂಬರಿನಲ್ಲಿ ಹಾಕಿಸಿ ಏಪ್ರಿಲಿನಲ್ಲಿ ಬಿಚ್ಚಿಸುತ್ತಾರೆ. ಇವರ ಟೈರಿನ ಮೇಲೆ ಮೂರು ಶಿಖರಗಳ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಈ ಮುದ್ರಾಧಾರಣೆ. ಸಿಲಿಕಾ ಬೆರೆತ ರಬ್ಬರು ಕೊರೆಯುವ ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಮೈತುಂಬ ಕೂದಲೆಳೆಯಂಥ ಸೀಳುಗಳಿದ್ದು, ಒಂದೊಂದರ ಅಂಚೂ ನೆಲವನ್ನು ಕಚ್ಚುತ್ತದೆ. ಅಗಲವಾದ ತೋಡುಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ, ಅದು ತುಂಬಿಕೊಳ್ಳಲಿ ಎಂದೇ ಹಾಗೆ ಮಾಡಿದ್ದು. ಹಿಮವನ್ನು ಹಿಮದಷ್ಟು ಚೆನ್ನಾಗಿ ಹಿಡಿಯುವುದು ಬೇರೆ ಯಾವುದೂ ಇಲ್ಲ. ಇಷ್ಟು ಸೊಗಸಾದ ಸಂಗತಿಯನ್ನು ಯಾವ ದ್ವೈತಿಯೂ ಗೋಷ್ಠಿಯಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಅವರು ಹೇಳುವುದು ಟೈರಿನ ರೇಟು.

ವಿಶಿಷ್ಟಾದ್ವೈತಿಗಳದು ಆಲ್ ವೆದರ್ ಟೈರು. ಬೆಟ್ಟದ ಮುದ್ರೆಯೂ ಉಂಟು, ವರ್ಷವಿಡೀ ಬಿಚ್ಚಬೇಕಾಗಿಯೂ ಇಲ್ಲ. ಎರಡೂ ಮಠದವರಿಂದ ಬೈಸಿಕೊಳ್ಳುತ್ತಾರೆ.

ಶಾಕ್ತರು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹರಿಯುವ ದೊಡ್ಡ ಗಾಡಿಯ ಉಪಾಸಕರು. "ನಮ್ದು ಆಲ್ ವೀಲ್ ಡ್ರೈವು, ಟೈರಿನ ಚಿಂತೆ ನಿಮಗೆ" ಎನ್ನುತ್ತಾರೆ. ಶಕ್ತಿ ಹೊರಡುವಾಗ ಒದಗುತ್ತದೆ. ನಿಲ್ಲುವಾಗ ಎಲ್ಲ ಕಾರಿಗೂ ಇರುವುದು ಅದೇ ನಾಲ್ಕು ಅಂಗೈಯಗಲ ರಬ್ಬರು. ಹೆದ್ದಾರಿಯ ಪಕ್ಕದ ಹಳ್ಳದಲ್ಲಿ ಮೂಗು ಹೂತು ನಿಂತವುಗಳಲ್ಲಿ ಈ ಪಂಥದವರ ಗಾಡಿಗಳು ದೂರದಿಂದಲೇ ಎದ್ದು ಕಾಣುತ್ತವೆ, ಎತ್ತರ ಜಾಸ್ತಿಯಲ್ಲವೇ.

ಅರ್ಧನಾರೀಶ್ವರ ಪಂಥ: ಮುಂದೆ ಎರಡು ಚಳಿಗಾಲದ್ದು, ಹಿಂದೆ ಎರಡು ಹಳೆಯದು. ತಿರುವಿನಲ್ಲಿ ಮುಂಭಾಗ ರಸ್ತೆ ಹಿಡಿಯುತ್ತದೆ, ಹಿಂಭಾಗ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ.

ಚಾರ್ವಾಕರು ಮನೆಯಿಂದಲೇ ಕೆಲಸ ಮಾಡುತ್ತಾರೆ.

ಇನ್ನು ಶೈವ, ಜೈನ, ಸಾಂಖ್ಯ ಪ್ರಸ್ಥಾನಗಳನ್ನೂ ಹೀಗೇ ಎಳೆಯಬಹುದಿತ್ತು, ಸಾಕು. ಒಂದೇ ಒಂದು ಬಾಕಿ ಇದೆ, ಶೂನ್ಯವಾದ. ಟೈರಿನ ಮೇಲೆ ಏನೂ ಉಳಿದಿಲ್ಲದವರದು. ಬೋಳು ಟೈರು. ಈ ಪಂಥದ ಅನುಯಾಯಿಗಳು ಗೋಷ್ಠಿಗೆ ಬರುವುದಿಲ್ಲ, ಬಂದರೂ ಕುರ್ಚಿ ಜೋಡಿಸಲು ಬರುತ್ತಾರೆ. ದಾವಣಗೆರೆಯಿಂದಲೋ ಹಾಸನದಿಂದಲೋ ಅಪ್ಪನ ಸಾಲದ ಮೇಲೆ ಓದಲು ಬಂದ ಹುಡುಗರು. ಕಾಲೇಜು ನಡೆಯುವ ದಿನಗಳಲ್ಲಿ ಅವರು ಹೊರಗೆ ದುಡಿಯಬಹುದಾದದ್ದು ವಾರಕ್ಕೆ 24 ಗಂಟೆ. 2024ರ ನವೆಂಬರಿನಲ್ಲಿ ಏರಿಸಿದ ಮಿತಿ ಇದು. ಅಷ್ಟರಲ್ಲಿ ಬಾಡಿಗೆ, ಊಟ, ಬಸ್ ಪಾಸು, ಊರಿಗೆ ಹೇಳಿದ ಸುಳ್ಳುಗಳ ಬಡ್ಡಿ. ಮೂವರು ಸೇರಿ ಒಂದು ಹಳೇ ಕಾರು ಕೊಂಡು ಸರದಿಯಂತೆ ಮನೆಮನೆಗೆ ಊಟ ಮುಟ್ಟಿಸುತ್ತಾರೆ. ಯಾವಾಗ ಹೆಚ್ಚು ಆರ್ಡರು? ಹಿಮ ಬೀಳುವಾಗ. ಏಕೆಂದರೆ ದ್ವೈತಿಗಳು, ಅದ್ವೈತಿಗಳು, ಶಾಕ್ತರು ಯಾರೂ ಆ ರಾತ್ರಿ ಹೊರಗೆ ಹೊರಡುವುದಿಲ್ಲ. ಹೊರಡಬಾರದೆಂಬ ಜ್ಞಾನ ಅವರಿಗಿದೆ.

ಕಳೆದ ರಾಜ್ಯೋತ್ಸವದಲ್ಲಿ ಒಬ್ಬ ಹಿರಿಯರು ಅಂಥ ಹುಡುಗನನ್ನು ಹಿಡಿದು ನಿಲ್ಲಿಸಿಕೊಂಡರು. "ಏನಪ್ಪಾ, ಇನ್ನೂ ಸ್ನೋ ಟೈರ್ ಹಾಕ್ಸಿಲ್ವಾ? ಜೀವಕ್ಕಿಂತ ದುಡ್ಡು ದೊಡ್ಡದಾ?" ಹುಡುಗ ತಲೆ ತಗ್ಗಿಸಿ, "ಮುಂದಿನ ತಿಂಗಳು ಹಾಕಿಸ್ತೀನಿ ಅಂಕಲ್" ಅಂದ. ಸುತ್ತ ನಿಂತವರು ತಲೆದೂಗಿದರು. ಒಬ್ಬರು, ಸೇತುವೆಯ ಮೇಲೆ ಮೊದಲು ಹೆಪ್ಪುಗಟ್ಟುತ್ತದೆ, ಅಲ್ಲಿ ನೆಲದ ಬಿಸಿ ತಾಗುವುದಿಲ್ಲ ಎಂದು ಸೇರಿಸಿದರು. ನಿಜವೇ. ಬ್ರೇಕನ್ನು ಒಮ್ಮೆಲೇ ತುಳಿಯಬಾರದು, ಮುಂದಿನ ಗಾಡಿಯಿಂದ ದೂರವಿರಬೇಕು, ಎಲ್ಲವೂ ನಿಜವೇ. ನನಗೆ ಮೈ ಉರಿದದ್ದು ಅದಕ್ಕೇ. ಅಷ್ಟು ನಿಜ ಗೊತ್ತಿದ್ದವರಲ್ಲಿ ಒಬ್ಬರೂ, "ನಿನ್ನ ಕಾರಿನ ಟೈರು ಯಾವ ಸೈಜು?" ಎಂದು ಕೇಳಲಿಲ್ಲ.

ಲೆಕ್ಕ ಬೇಕೆಂದರೆ ಇಲ್ಲಿದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಒಣ ಡಾಂಬರಿನ ಮೇಲೆ ಬ್ರೇಕ್ ಹಿಡಿದರೆ ಕಾರು ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಘರ್ಷಣಾ ಗುಣಾಂಕ 0.2ಕ್ಕೆ ಇಳಿದರೆ ಸುಮಾರು 50 ಮೀಟರು. ಮಂಜುಗಡ್ಡೆಯ ಮೇಲೆ 0.1 ಆದರೆ ನೂರರ ಹತ್ತಿರ. ಟೈರಿನ ತೋಡಿನ ಆಳ 4 ಮಿಲಿಮೀಟರಿಗೆ ಇಳಿದರೇ ಅದನ್ನು ಹಿಮದಲ್ಲಿ ಬಳಸಬೇಡಿ ಎನ್ನುತ್ತದೆ ಕೆನಡಾದ ಸಾರಿಗೆ ಇಲಾಖೆ. ಶೂನ್ಯವಾದಿಯ ಟೈರಿನಲ್ಲಿ ಅಳೆಯುವುದಕ್ಕೆ ಆಳವೇ ಇಲ್ಲ.

ಪಕ್ಕದ ಕ್ವಿಬೆಕ್ಕಿನಲ್ಲಿ ಈ ಮೀಮಾಂಸೆ ಎಂದೋ ಮುಗಿದಿದೆ. 2008ರಿಂದಲೇ ಕಾನೂನು, ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರಿಲ್ಲದ ಕಾರು ರಸ್ತೆಗಿಳಿಯುವಂತಿಲ್ಲ, ಊಟ ಹೊರುವ ಕಾರೂ ಸೇರಿ. ಒಂಟಾರಿಯೋದಲ್ಲಿ ಅಂಥ ಕಡ್ಡಾಯವಿಲ್ಲ. ಇಲ್ಲಿರುವುದು ಉತ್ತೇಜನ: ಚಳಿಗಾಲದ ಟೈರು ಹಾಕಿಸಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕೆಂದು 2016ರಿಂದ ನಿಯಮ. ಅಂದರೆ ಟೈರು ಕೊಂಡವನಿಗೆ ದುಡ್ಡು ವಾಪಸು, ಕೊಳ್ಳಲಾಗದವನಿಗೆ ಉಪದೇಶ. ಕಡ್ಡಾಯ ಮಾಡಿದರೆ ಬಡವರಿಗೆ ಹೊರೆಯಾಗುತ್ತದೆ ಎಂದು ಗೋಷ್ಠಿಯಲ್ಲಿ ಒಬ್ಬರು ನಿಟ್ಟುಸಿರಿಟ್ಟರು. ಹೌದು ಸ್ವಾಮಿ, ಆಗುತ್ತದೆ. ಈಗಿನ ಹೊರೆಯನ್ನು ಹೊತ್ತಿರುವವರು ಯಾರು?

ಉಪಸಂಹಾರ ಬರೆಯಬೇಕು, ಬಹುಶಿಸ್ತೀಯವಾಗಿ. ಮನಸ್ಸಿಲ್ಲ. ಶಿಫಾರಸು ಒಂದೇ: ಪ್ರತಿ ನವೆಂಬರಿನಲ್ಲಿ ಕನ್ನಡ ಸಂಘದವರು ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗಿನ ಕಲ್ಲಿನ ರಥಕ್ಕೆ ಸುರಿಯುವ ದುಡ್ಡಿದೆಯಲ್ಲ, ಒಂದು ವರ್ಷ ಅದರಲ್ಲಿ ರಿಮ್ಮಿನ ಸಮೇತ ನಾಲ್ಕು ಟೈರು ಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೂ ಆದೀತು, ಆಳ ನೋಡಿ ತನ್ನಿ. ಸೈಜು ಕಾರಿನ ಟೈರಿನ ಪಕ್ಕೆಯಲ್ಲೇ ಅಚ್ಚಾಗಿರುತ್ತದೆ. ಹುಡುಗ ನಿಮ್ಮ ಬಾಗಿಲಿಗೆ ಊಟ ತಂದಾಗ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಓದಿಕೊಳ್ಳಿ.