ಪಕ್ಕದ ಸೈಟಿನ ಬಿಲ್ಡರ್ ಸಾಹೇಬರಿಗೆ

ಮಾನ್ಯರೇ,

ಮಲ್ಲೇಶ್ವರದ ನಮ್ಮ ಪಕ್ಕದ ಹಾಳುಮನೆಗೆ ಕೊನೆಗೂ ಒಂದು ಗತಿ ಕಾಣಿಸಲು ಹೊರಟಿದ್ದೀರಿ, ಸಂತೋಷ. ಮಂಕಿ ಟಾಪ್ ಗೆದ್ದಲಿಗೆ, ಹಜಾರ ಬಾವಲಿಗೆ, ಜಗಲಿ ಬೀದಿನಾಯಿಗೆ ಎಂದು ಭಾಗವಾಗಿ ವರ್ಷಗಳೇ ಆಗಿದ್ದವು. ಮನುಷ್ಯರ ಭಾಗ ಮಾತ್ರ ಕೋರ್ಟಿನಲ್ಲಿತ್ತು.

ನಿಮ್ಮ ಲೆಕ್ಕಕ್ಕೆ ಕೈಮುಗಿಯಬೇಕು. ಎಂಟು ಫ್ಲಾಟು, ಅರ್ಧ ನಿಮಗೆ, ಅರ್ಧ ಮನೆಯವರಿಗೆ. ನಾಲ್ವರು ಅಣ್ಣತಮ್ಮಂದಿರಿಗೆ ತಲೆಗೊಂದು ಚೊಕ್ಕವಾಗಿ ಕೂತಿತ್ತು. 2005ರ ತಿದ್ದುಪಡಿಯಂತೆ ತಂಗಿಯೂ ಸಮಪಾಲುದಾರಳು, ಅವಳ ಸಹಿಯೂ ಬೇಕು ಎಂದು ವಕೀಲರು ನೆನಪಿಸಿದ ಸಂಜೆಯೇ ತಾರಸಿಯ ಮೇಲೆ ಪೆಂಟ್‌ಹೌಸ್ ಹುಟ್ಟಿತು! ಮಂಜೂರಾದ ನಕ್ಷೆಯಲ್ಲಿ ಸ್ಟಿಲ್ಟ್ ಮೇಲೆ ಮೂರೇ ಅಂತಸ್ತಿದೆಯಲ್ಲ ಎಂದರೆ, "ಅದು ಆಫೀಸಿಗೆ ಕೊಡೋ ನಕ್ಷೆ ಸಾರ್" ಎಂದಿರಿ.

ರೇರಾದ ಗೊಡವೆಯೂ ನಿಮಗಿಲ್ಲ. 2016ರ ಆ ಕಾಯ್ದೆ ಪ್ರಕಾರ ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಫ್ಲಾಟುಗಳು ಎಂಟು ದಾಟದಿದ್ದರೆ ನೋಂದಣಿ ಬೇಕಿಲ್ಲ. ಪೆಂಟ್‌ಹೌಸ್ ಸೇರಿ ಒಂಬತ್ತಾದರೇನು, 60x40 ಸೈಟು ಬರೀ 223 ಚದರ ಮೀಟರ್. ಬಚಾವಾದಿರಿ.

ಹಿತ್ತಲ ಬಾವಿಯ ವಿಚಾರದಲ್ಲಂತೂ ನಿಮ್ಮ ದೂರದೃಷ್ಟಿ ಅಸಾಧಾರಣ. ಕಲ್ಲು ಕಟ್ಟಿದ ಬಾವಿ, ಬೇಸಿಗೆಯಲ್ಲೂ ನೀರು ಇರುತ್ತಿತ್ತು. ಲಾರಿ ಬಾಡಿಗೆ ಯಾಕೆ ದಂಡ ಎಂದು ಕೆಡವಿದ ಗೋಡೆಯನ್ನೆಲ್ಲ ಅದಕ್ಕೇ ಸುರಿಸಿದಿರಿ. ತೇಗದ ಬಾಗಿಲುವಾಡಗಳು ಮಾತ್ರ ಬಾವಿಗೆ ಬೀಳಲಿಲ್ಲ. ಬೆಳಗಾಗುವಷ್ಟರಲ್ಲಿ ಟೆಂಪೊ ಹತ್ತಿ ಹೋಗಿದ್ದವು. ಈಗ ಮಳೆನೀರು ಕೊಯ್ಲು ಕಡ್ಡಾಯವಂತೆ, ಬಾವಿಯಿಂದ ನಾಲ್ಕು ಹೆಜ್ಜೆ ಆಚೆ ಇಂಗುಗುಂಡಿ ತೋಡಿಸುತ್ತಿದ್ದೀರಿ. ಫೋಟೊ ತೆಗೆದಾದ ಮೇಲೆ ಅದನ್ನೂ ಮುಚ್ಚುತ್ತೀರಿ ಎಂದು ನಿಮ್ಮ ಮೇಸ್ತ್ರಿ ಹೇಳಿದ. ಹೊಟ್ಟೆಕಿಚ್ಚಿನವನಿರಬೇಕು.

1898ರ ಪ್ಲೇಗಿಗೆ ಹೆದರಿ ಪೇಟೆಯ ಇಕ್ಕಟ್ಟು ಬಿಟ್ಟು ಬಂದವರು ಈ ಬಡಾವಣೆಯಲ್ಲಿ ಮನೆ ಮನೆ ನಡುವೆ ಗಾಳಿಗೆಂದು ಜಾಗ ಬಿಟ್ಟಿದ್ದರು. ಪ್ಲೇಗು ಹೋಯಿತಲ್ಲ, ಇನ್ನು ಗಾಳಿ ಯಾಕೆ? ಸೆಟ್‌ಬ್ಯಾಕ್ ಮೇಲೆ ಬಾಲ್ಕನಿ ಚಾಚುವುದು ಸರಿಯೇ. ನಮ್ಮ ಅಡುಗೆಮನೆ ಕಿಟಕಿಯ ಬಾಗಿಲು ಆ ಕಡೆಗೇ ತೆರೆಯುತ್ತದೆ. ಸ್ಲ್ಯಾಬ್ ಹಾಕುವ ಮುಂಚೆ ಒಂದು ಮಾತು ಹೇಳಿದರೆ ಬಡಗಿಯನ್ನು ಕರೆಸಿ ಒಳಮುಖ ಮಾಡಿಸಿಕೊಳ್ಳುತ್ತೇನೆ.

ಅಂದಹಾಗೆ, ಗೇಟಿಗೆ ಕಟ್ಟಿರುವ ಬಣ್ಣದ ಬೋರ್ಡು ನೋಡಿದೆ. ನಮ್ಮ ಮನೆ ಇರುವ ಜಾಗದಲ್ಲಿ ಹಚ್ಚಹಸಿರು ಹುಲ್ಲುಹಾಸು, ಅದರ ಮೇಲೆ ನಾಯಿ ಹಿಡಿದ ದೊರೆಸಾನಿಯೊಬ್ಬಳು. ಆ ಭಾಗದ ಮಾತುಕತೆಗೆ ಯಾವಾಗ ಬರುತ್ತೀರಿ?

ಇತಿ,
ಹುಲ್ಲುಹಾಸಿನ ಹಾಲಿ ನಿವಾಸಿ