ವಿಯೆನ್ನಾ ಏಕದಿನ ಊಟ-ನೋಟ ಮೀಮಾಂಸೆ

ವಿಯೆನ್ನಾ ನಗರದಲ್ಲಿ ಒಂದೇ ಹಗಲು ಕಳೆಯಬೇಕಾಗಿ ಬಂದ ಜಿಜ್ಞಾಸುವಿಗೆ ಊಟ ಪ್ರಧಾನವೋ, ನೋಟ ಪ್ರಧಾನವೋ ಎಂಬ ಸಂಶಯ ಹುಟ್ಟುತ್ತದೆ. ಪಂಡಿತರು ಇಲ್ಲಿ ಎರಡು ಪಂಗಡ. ಕೈಯಲ್ಲಿ ನಕ್ಷೆ, ಕೊರಳಲ್ಲಿ ಕ್ಯಾಮೆರಾ ಧರಿಸಿದವರು ನೋಟವಾದಿಗಳು. ಅವರ ಮತದಲ್ಲಿ ಅರಮನೆ, ಚರ್ಚು, ಚಿತ್ರಶಾಲೆಗಳೇ ಪುರುಷಾರ್ಥ. ಊಟವೆಂದರೆ ಎರಡು ಸ್ಮಾರಕಗಳ ನಡುವೆ ಸಿಗುವ ಕುರ್ಚಿ ಮಾತ್ರ. ಊಟವಾದಿಗಳು ಇದನ್ನು ಖಂಡಿಸಿ, ಊಟವೇ ಅಂಗಿ, ನೋಟ ಅದರ ಅಂಗ ಎಂದು ಸಾಧಿಸುತ್ತಾರೆ. (ಇಲ್ಲಿ ಅಂಗಿ ಎಂದರೆ ಪ್ರಧಾನವಾದದ್ದು, ತೊಡುವ ಅಂಗಿಯಲ್ಲ. ಆದರೂ ಸಂಜೆಯ ಹೊತ್ತಿಗೆ ಶಾಸ್ತ್ರಾರ್ಥವು ಅದರ ಗುಂಡಿಗಳಿಗೂ ತಟ್ಟುವುದುಂಟು.) ಪ್ರಬಂಧಕಾರನು ಎರಡನೆಯ ಪಂಥದವನು. ನಿಷ್ಪಕ್ಷಪಾತವನ್ನು ಯಾವ ಶಾಸ್ತ್ರವೂ ಹಸಿದವರಿಗೆ ವಿಧಿಸಿಲ್ಲ.

ಮೊದಲಿಗೆ ಪ್ರಾತಃಕಾಲದ ಕಾಫಿ ಪ್ರಕರಣ. ಕಾಫಿ ಇಲ್ಲಿಗೆ ಬಂದ ಬಗೆಯಲ್ಲಿ ಪುರಾಣ ಒಂದು, ದಫ್ತರ ಇನ್ನೊಂದು. 1683ರಲ್ಲಿ ಆಟೋಮನ್ ತುರ್ಕರು ನಗರಕ್ಕೆ ಮುತ್ತಿಗೆ ಹಾಕಿ, ಸೋತು ಓಡುವಾಗ ಬಿಟ್ಟುಹೋದ ಚೀಲಗಳಲ್ಲಿ ಬೀಜಗಳಿದ್ದವಂತೆ. ಮಿಕ್ಕವರು ಒಂಟೆಯ ಮೇವೆಂದು ಬಗೆದದ್ದನ್ನು ಕೋಲ್ಶಿಟ್ಸ್ಕಿ ಎಂಬ ಬೇಹುಗಾರ ಕಾಫಿಯೆಂದು ಗುರುತಿಸಿದನಂತೆ. ಇದು ಪುರಾಣ. ದಫ್ತರ ಹೇಳುವುದೇ ಬೇರೆ: 1685ರಲ್ಲಿ ಯೋಹಾನೆಸ್ ಡಿಯೊಡಾಟೊ ಎಂಬ ಆರ್ಮೇನಿಯನ್ ವ್ಯಾಪಾರಿಗೆ ಕಾಫಿ ಮಾರುವ ಅಪ್ಪಣೆ ಸಿಕ್ಕಿತು. ಲೋಟ ಕೈಗೆ ಬರುವವರೆಗೆ ದಫ್ತರವನ್ನೂ, ಬಂದ ಮೇಲೆ ಪುರಾಣವನ್ನೂ ಪ್ರಮಾಣವಾಗಿ ಹಿಡಿಯುವುದು ಕ್ಷೇಮ.

ಬರೀ ‘ಕಾಫಿ’ ಎಂದು ಕೇಳುವುದು ಅಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿಗಳೆರಡೂ ಕೂಡಿದ ದೋಷ. ನೊರೆಹಾಲು ಬೆರೆತದ್ದು ಮೆಲಾಂಜ್. ಗಾಜಿನ ಲೋಟದಲ್ಲಿ ಕಪ್ಪು ಕಾಫಿಯ ಮೇಲೆ ಕ್ರೀಮಿನ ಗೋಪುರ ಕಟ್ಟಿದ್ದು ಐನ್‌ಶ್ಪೆನರ್. ಯಾವುದನ್ನು ಕೇಳಿದರೂ ತಟ್ಟೆಯಲ್ಲಿ ಒಂದು ಲೋಟ ನೀರು ಜೊತೆಗೇ ಬರುತ್ತದೆ. ಮಾಣಿಯನ್ನು ‘ಹೆರ್ ಓಬರ್’ ಎಂದು ಗೌರವದಿಂದ ಕರೆಯುವುದು ವಿಧಿ, ಚಿಟಿಕೆ ಹೊಡೆಯುವುದು ನಿಷೇಧ. ಕೇಳದ ಹೊರತು ಆತ ಬಿಲ್ಲು ತರುವುದಿಲ್ಲ. ಒಂದೇ ಕಾಫಿಗೆ ಎರಡು ಗಂಟೆ ಕೂತು, ಮರದ ಚೌಕಟ್ಟಿಗೆ ಸಿಕ್ಕಿಸಿದ ಪತ್ರಿಕೆಯನ್ನು ಓದದೆ ಬರೀ ಹಿಡಿದುಕೊಂಡಿದ್ದರೂ ಯಾರೂ ಏಳಿಸುವುದಿಲ್ಲ. 1876ರಲ್ಲಿ ತೆರೆದ ಕಫೆ ಸೆಂಟ್ರಲ್‌ನಲ್ಲಿ ಟ್ರಾಟ್ಸ್ಕಿ ಚದುರಂಗವಾಡುತ್ತ ಕೂರುತ್ತಿದ್ದ. ಕ್ರಾಂತಿ ತಡವಾಯಿತೆಂದು ಯಾವ ಮಾಣಿಯೂ ಅವನನ್ನು ಅವಸರಪಡಿಸಿದ ದಾಖಲೆಯಿಲ್ಲ. ಈ ಕಾಫಿಮನೆ ಸಂಸ್ಕೃತಿಯನ್ನು ಆಸ್ಟ್ರಿಯಾ ದೇಶವು 2011ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದರೆ ಕಾಫಿ ಕುಡಿಯುತ್ತ ಕೂತವನೇ ಸ್ಮಾರಕ. ನೋಟವಾದಿ ನೋಡಬೇಕಾದದ್ದು ನಮ್ಮನ್ನು.

ಇನ್ನು ಸೇಂಟ್ ಸ್ಟೀಫನ್ ಕೆಥೆಡ್ರಲ್. 136 ಮೀಟರ್ ಎತ್ತರದ ಅದರ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು. ದೃಶ್ಯವೇ ಇದರ ಫಲವೆಂಬ ಪೂರ್ವಪಕ್ಷ ನಿಲ್ಲದು. ದೃಶ್ಯವೇ ಫಲವಾದರೆ ಲಿಫ್ಟ್ ಇರುವ ಉತ್ತರ ಗೋಪುರವೇ ಸಾಕಿತ್ತು; ಮೆಟ್ಟಿಲು ವ್ಯರ್ಥವಾಗುತ್ತಿತ್ತು. ಶಾಸ್ತ್ರದಲ್ಲಿ ಯಾವುದೂ ವ್ಯರ್ಥವಲ್ಲವಾದ್ದರಿಂದ 343 ಮೆಟ್ಟಿಲುಗಳು ಜಠರಾಗ್ನಿ ಸಂಸ್ಕಾರಕ್ಕಾಗಿಯೇ ಎಂದು ತಿಳಿಯಬೇಕು. ಉತ್ತರ ಗೋಪುರದಲ್ಲಿ ಪುಮ್ಮೆರಿನ್ ಎಂಬ ಮಹಾಘಂಟೆಯಿದೆ. ತುರ್ಕರಿಂದ ವಶಪಡಿಸಿಕೊಂಡ ಫಿರಂಗಿಗಳನ್ನು ಕರಗಿಸಿ 1711ರಲ್ಲಿ ಮೊದಲು ಎರಕ ಹೊಯ್ದದ್ದು, 1945ರ ಬೆಂಕಿಯಲ್ಲಿ ಬಿದ್ದು ಒಡೆದದ್ದು, ಅದೇ ಲೋಹದಿಂದ 1951ರಲ್ಲಿ ಮತ್ತೆ ಹುಟ್ಟಿದ್ದು. ಹೀಗೆ ಒಂದೇ ಮುತ್ತಿಗೆಯಿಂದ ಊರಿಗೆ ಎರಡು ಪ್ರಸಾದ ಸಿಕ್ಕಿತು. ಕಾಫಿ ದಿನವೂ ಬೇಕು; ಈ ಘಂಟೆಗೆ ಹೊಸ ವರ್ಷದಂಥ ದೊಡ್ಡ ದಿನಗಳಷ್ಟೇ ಸಾಕು. ಪ್ರಾಧಾನ್ಯ ಯಾವುದಕ್ಕೆಂದು ಮತ್ತೆ ವಿವರಿಸಬೇಕಾಗಿಲ್ಲ.

ನೋಟವಾದಿಗಳ ಕೊನೆಯ ಕೋಟೆ 1891ರಲ್ಲಿ ತೆರೆದ ಕಲಾ ಇತಿಹಾಸ ವಸ್ತುಸಂಗ್ರಹಾಲಯ. ‘ಇಲ್ಲಿ ಶುದ್ಧ ನೋಟವೇ ಇದೆ, ಊಟದ ಸೋಂಕಿಲ್ಲ’ ಎಂದು ಅವರ ಘೋಷಣೆ. ಒಳಗೆ ಹೋಗಿ ನೋಡಿದರೆ ಬ್ರೂಗೆಲ್‌ನ ಹೆಸರಾಂತ ಚಿತ್ರ ರೈತರ ಮದುವೆಯ ಊಟ! ಕೀಲಿನಿಂದ ಕಳಚಿದ ಬಾಗಿಲಿನ ಮೇಲೆ ಗಂಜಿಯ ಬಟ್ಟಲುಗಳನ್ನು ಸಾಲಾಗಿಟ್ಟು ಇಬ್ಬರು ಹೊತ್ತು ತರುತ್ತಿದ್ದಾರೆ. ಅವರಲ್ಲೊಬ್ಬನಿಗೆ ಮೂರು ಪಾದಗಳಿರುವಂತೆ ಕಾಣುವುದೇಕೆಂದು ಕಲಾವಿಮರ್ಶಕರು ತಲೆ ಕೆಡಿಸಿಕೊಂಡಿದ್ದಾರೆ. ಪಂಕ್ತಿಯಲ್ಲಿ ಬಡಿಸಿ ಗೊತ್ತಿದ್ದವರಿಗೆ ಈ ಸಂಶಯವೇ ಬಾರದು. ಬಡಿಸುವವನಿಗೆ ಎರಡು ಕಾಲು ಎಂದಾದರೂ ಸಾಕಾಗಿದೆಯೆ? ಇನ್ನೊಂದೆಡೆ ಆರ್ಚಿಂಬೊಲ್ದೊ 1563ರಲ್ಲಿ ಬರೆದ ‘ಬೇಸಿಗೆ’. ಮನುಷ್ಯನ ಮುಖವೇ ಸರಿ, ಆದರೆ ಮೂಗು ಸೌತೆಕಾಯಿ, ಕಿವಿ ಮೆಕ್ಕೆಜೋಳದ ತೆನೆ. ಕಣ್ಣು ಮೂಗು ಕಿವಿಗಳೆಲ್ಲ ಹಣ್ಣು-ತರಕಾರಿಯೇ ಎಂದ ಮೇಲೆ ನೋಡುವವನು ಯಾರು, ಉಣ್ಣುವವನು ಯಾರು? ದ್ವೈತಿಗಳು ಉತ್ತರಿಸಲಿ.

ಇವೆಲ್ಲಕ್ಕೂ ಮಿಗಿಲಾದ ಪ್ರಮಾಣ ಶಿಲ್ಪಿ ಚೆಲ್ಲಿನಿಯ ಸಾಲಿಯೆರಾ, ಅಂದರೆ ಉಪ್ಪಿನ ಬಟ್ಟಲು. ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್‌ಗಾಗಿ 1543ರ ಹೊತ್ತಿಗೆ ಚಿನ್ನದಲ್ಲಿ ಮಾಡಿ ಮುಗಿಸಿದ ಈ ಶಿಲ್ಪದಲ್ಲಿ ಸಮುದ್ರದೇವನೂ ಭೂದೇವಿಯೂ ಎದುರುಬದುರು ಒರಗಿ ಕೂತಿದ್ದಾರೆ. ದೇವನ ಪಕ್ಕದ ದೋಣಿಯಲ್ಲಿ ಉಪ್ಪು, ದೇವಿಯ ಪಕ್ಕದ ಪುಟ್ಟ ಗುಡಿಯಲ್ಲಿ ಕರಿಮೆಣಸು. ಅದು ನಮ್ಮ ಪಶ್ಚಿಮ ಕರಾವಳಿಯ ಮೆಣಸು ಹಡಗೇರಿ ಯುರೋಪಿಗೆ ಹೋಗುತ್ತಿದ್ದ ಕಾಲ. ಗುಡಿ ಕಟ್ಟಿಸಿಕೊಳ್ಳುವ ಯೋಗ್ಯತೆ ಅದಕ್ಕೆ ಇತ್ತೆಂದು ಘಟ್ಟದ ಕೆಳಗಿನವರು ಹೆಮ್ಮೆಪಡಬಹುದು. 2003ರಲ್ಲಿ ಕಳ್ಳನೊಬ್ಬ ಇದನ್ನು ಕದ್ದೊಯ್ದ. 2006ರಲ್ಲಿ ಕಾಡಿನ ನೆಲದಲ್ಲಿ ಹೂತಿಟ್ಟದ್ದು ಸಿಕ್ಕಿತು. ಗಮನಿಸಬೇಕು: ಸುತ್ತ ಅಷ್ಟು ಚಿತ್ರಪಟಗಳಿರಲು ಆತ ಎತ್ತಿದ್ದು ಉಪ್ಪಿನ ಬಟ್ಟಲನ್ನು. ಕಳ್ಳನೂ ಊಟವಾದಿಯೇ. ವಸ್ತುಸಂಗ್ರಹಾಲಯದ ಗುಮ್ಮಟದ ನಟ್ಟನಡುವಿನ ಜಾಗದಲ್ಲಿ ಇರುವುದೇನೆಂದು ನೋಟವಾದಿಯನ್ನು ಕೇಳಿ. ಆತ ತಲೆ ತಗ್ಗಿಸಿ ‘ಕಫೆ’ ಎನ್ನುತ್ತಾನೆ.

ಮಧ್ಯಾಹ್ನದ ಊಟದಲ್ಲಿ ಅಧಿಕಾರಿಭೇದವುಂಟು. ‘ವೀನರ್ ಶ್ನಿಟ್ಸೆಲ್’ ಎಂಬ ಹೆಸರಿಗೆ ಕರುವಿನ ಮಾಂಸವೇ ಕಾನೂನು. ಹಂದಿಯದಾದರೆ ಹಾಗೆಂದು ಬಿಡಿಸಿ ಬರೆಯಬೇಕು. ಸಸ್ಯಾಹಾರಿಗೆ ಕೈಸರ್‌ಶ್ಮಾರ್ನ್ ಇದೆ: ದಪ್ಪ ಸಿಹಿದೋಸೆಯನ್ನು ಹರಿದು ಚಿಂದಿ ಮಾಡಿ, ಸಕ್ಕರೆಪುಡಿ ಉದುರಿಸಿ, ಚಕ್ರವರ್ತಿಯ ಹೆಸರಿಟ್ಟದ್ದು. ಮೊಟ್ಟೆಯ ಪ್ರಶ್ನೆ ಎತ್ತುವವರು ಕಾಫಿ ಪ್ರಕರಣಕ್ಕೆ ಮರಳುವುದು.

ಸಾಖರ್ ಕೇಕಿನ ವಿಷಯವನ್ನು ಶಾಸ್ತ್ರಕಾರರಿಗಿಂತ ವಕೀಲರೇ ಆಳವಾಗಿ ಚಿಂತಿಸಿದ್ದಾರೆ. 1832ರಲ್ಲಿ ಮೆಟ್ಟರ್ನಿಖ್ ಮಂತ್ರಿಯ ಅಡುಗೆಮನೆಯಲ್ಲಿ ಫ್ರಾನ್ಸ್ ಸಾಖರ್ ಎಂಬ 16 ವರ್ಷದ ಹುಡುಗ ಇದನ್ನು ಮಾಡಿದನೆಂಬುದು ಪರಂಪರೆಯ ಮಾತು. ಅವನ ಮಗ ಎಡ್ವರ್ಡ್ ಡೆಮೆಲ್ ಮಿಠಾಯಿ ಅಂಗಡಿಯಲ್ಲಿ ಪಳಗಿ, 1876ರಲ್ಲಿ ಸಾಖರ್ ಹೋಟೆಲ್ ತೆರೆದ. ಅಸಲಿ ಕೇಕು ಯಾರದೆಂದು ಹೋಟೆಲಿಗೂ ಡೆಮೆಲಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆದು 1963ರಲ್ಲಿ ರಾಜಿಯಾಯಿತು. ‘ಅಸಲಿ’ ಎಂಬ ಬಿರುದು ಹೋಟೆಲಿಗೆ. ಏಪ್ರಿಕಾಟ್ ಜಾಮು ಕೇಕಿನ ನಡುವೆಯೂ ಇರಬೇಕೋ, ಚಾಕೊಲೇಟ್ ಕವಚದ ಕೆಳಗಷ್ಟೇ ಸಾಕೋ ಎಂಬುದು ಈ ವಿವಾದದ ತಿರುಳು. ಹೋಟೆಲು ಎರಡೂ ಕಡೆ ಹಚ್ಚುತ್ತದೆ, ಡೆಮೆಲ್ ಕವಚದಡಿ ಮಾತ್ರ. ಎರಡನ್ನೂ ತಿಂದು ನೋಡಿ ತೀರ್ಪು ಕೊಡುವುದು ನ್ಯಾಯ. ತೀರ್ಪನ್ನು ಕಾಯ್ದಿರಿಸಿ ಮತ್ತೊಮ್ಮೆ ತಿನ್ನುವುದು ಪರಮನ್ಯಾಯ.

1441 ಕೋಣೆಗಳ ಶೋನ್‌ಬ್ರೂನ್ ಅರಮನೆಯ ಬಗ್ಗೆ ಇಷ್ಟೇ ಸಾಕು: ಅದರ ಹಿಂದಿನ ದಿಬ್ಬ ಹತ್ತಿದರೆ ಗ್ಲೋರಿಯೆಟ್ ಮಂಟಪ, ಮಂಟಪದೊಳಗೆ ಕಫೆ. ಪ್ರಾಟರ್ ಉದ್ಯಾನದಲ್ಲಿ 1897ರ ದೈತ್ಯಚಕ್ರವಿದೆ. ಸುಮಾರು 65 ಮೀಟರ್ ಮೇಲೇರಿ ಊರನ್ನು ನೋಡಲೆಂದೇ ಕಟ್ಟಿದ್ದು, ಶುದ್ಧ ನೋಟಯಂತ್ರ. ಈಗ ಅದರ ಡಬ್ಬಿಯನ್ನು ಬಾಡಿಗೆಗೆ ಹಿಡಿದು, ಒಳಗೆ ಮೇಜು ಹಾಸಿ ರಾತ್ರಿಯೂಟ ಮಾಡಬಹುದು. ಪ್ರತಿಪಕ್ಷದ ಯಂತ್ರವೇ ನಮ್ಮ ಪಂಕ್ತಿಗೆ ಬಂದು ಕೂತಂತಾಯಿತು.

ಉಳಿದದ್ದು ಒಪೆರಾ. 1869ರ ಆ ಭವ್ಯ ಭವನದಲ್ಲಿ ಅಗ್ಗದ ಟಿಕೇಟಿಗೆ ನಿಂತು ಕೇಳುವ ಜಾಗವುಂಟು. ಮೊದಲು ಬಂದ ರಸಿಕರು ಕಂಬಿಗೆ ಸ್ಕಾರ್ಫು ಕಟ್ಟಿ ಸ್ಥಳ ಹಿಡಿಯುತ್ತಿದ್ದರು. ಸರ್ಕಾರಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ನಮ್ಮವರಿಗೆ ಈ ವಿಧಿಯನ್ನು ಹೊಸದಾಗಿ ಉಪದೇಶಿಸಬೇಕಿಲ್ಲ. ನಾಯಕಿ ಸಾಯಲು ಇಡೀ ಒಂದು ಅಂಕ ತೆಗೆದುಕೊಳ್ಳುತ್ತಾಳೆ. ಅಷ್ಟರಲ್ಲಿ ಕಾಲು ಸೋತಿರುತ್ತದೆ, ಹೊಟ್ಟೆ ಮತ್ತೆ ಪ್ರಮಾಣ ಕೇಳುತ್ತಿರುತ್ತದೆ.

ಹೊರಗೆ ಬಂದರೆ ಆಲ್ಬರ್ಟೀನಾ ಚಿತ್ರಶಾಲೆಯ ಕಡೆಗೆ ಬೀದಿಬದಿಯ ಸಾಸೇಜ್ ಗೂಡಂಗಡಿ. ಸೂಟು, ರೇಷ್ಮೆ ಗೌನು ತೊಟ್ಟ ಒಪೆರಾ ಮಂದಿ ಟ್ಯಾಕ್ಸಿಯವರ ಜೊತೆ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಸಾಲಿನ ಮುಂದೆ, ಕ್ಯಾಮೆರಾವನ್ನು ಬೆನ್ನಿಗೆ ಸರಿಸಿಕೊಂಡು, ನಕ್ಷೆಯನ್ನು ಮಡಚಿ ಜೇಬಿಗಿಟ್ಟು ನಿಂತವನೇ ಪೂರ್ವಪಕ್ಷಿ. ಅಂಗಡಿಯವ ಅವನನ್ನು ಕೇಳುತ್ತಾನೆ: ಸಾಸಿವೆ ಸಿಹಿಯದೋ, ಖಾರದ್ದೋ? ಇಲ್ಲಿ ಹೊಸ ಸಂಶಯ, ಆದ್ದರಿಂದ ಹೊಸ ಅಧಿಕರಣ.